ಷಬೇ ಕದರ್ ಎಂಬ ಜಾಗರಣೆಯ ರಾತ್ರಿ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲಿಕೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಘಂಟೆಯೂ ಮಸೀದಿಯ ಬಾಂಗೂ ಒಂದೇ ಗಾಳಿಯಲ್ಲಿ ಕೇಳಿಬರುವ ಊರುಗಳು ಕನ್ನಡನಾಡಿನಲ್ಲಿ ಅಪರೂಪವಲ್ಲ. ರಂಜಾನ್ ಉಪವಾಸದ ತಿಂಗಳು ಮುಗಿಯಲು ಮೂರು ನಾಲ್ಕು ದಿನಗಳಿರುವಾಗ ಅಂತಹ ಊರುಗಳಲ್ಲಿ ಒಂದು ರಾತ್ರಿ ಮಸೀದಿಯ ದೀಪಗಳು ಬೆಳಗಿನ ಜಾವದವರೆಗೆ ಆರುವುದಿಲ್ಲ. ಬಿಳಿಯ ಉಡುಪು ತೊಟ್ಟ ಬಾಲಕರು ತಂದೆಯ ಬೆರಳು ಹಿಡಿದು ಅರ್ಧರಾತ್ರಿಯಲ್ಲಿ ಓಣಿಯಲ್ಲಿ ನಡೆದುಹೋಗುತ್ತಿರುವರು. ನೆರೆಮನೆಯ ಲಿಂಗವಂತ ಗೃಹಸ್ಥನು ಆ ಸದ್ದಿಗೆ ಎಚ್ಚತ್ತು, ಇಂದು ಇವರ ದೊಡ್ಡ ರಾತ್ರಿಯಾಗಿರಬೇಕೆಂದುಕೊಂಡು ಮಗ್ಗುಲು ಬದಲಿಸುವನು. ಮಹಾಶಿವರಾತ್ರಿಯಂದು ನಾಲ್ಕು ಯಾಮಗಳನ್ನೂ ಎಚ್ಚತ್ತಿದ್ದು ಕಳೆಯುವವನೂ ಆತನೇ. ತಲೆಮಾರುಗಳಿಂದ ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಒಬ್ಬರ ಜಾಗರಣೆಯ ಅರ್ಥವನ್ನು ಮತ್ತೊಬ್ಬರು ಕೇಳದೆ ಉಳಿದದ್ದು ಸಣ್ಣ ಕೊರತೆಯಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಹೆಸರಿನ ಗೊಂದಲವನ್ನು ತೆಗೆದುಬಿಡುವುದು ಲೇಸು. ಜನರು ಷಬೇ ಬರಾತ್ ಮತ್ತು ಷಬೇ ಕದರ್‌ಗಳನ್ನು ಒಂದೇ ಎಂದು ತಿಳಿಯುವುದುಂಟು. ಷಬೇ ಬರಾತ್ ಎಂಬುದು ರಂಜಾನಿಗೆ ಹಿಂದಿನದಾದ ಷಾಬಾನ್ ತಿಂಗಳ ೧೫ನೆಯ ರಾತ್ರಿ. ಅಂದು ಹಿರಿಯರ ಗೋರಿಗಳಿಗೆ ಹೋಗಿ ಪ್ರಾರ್ಥಿಸುವುದೂ, ಮನೆಗಳಲ್ಲಿ ಹಲ್ವ ಮಾಡಿ ಹಂಚುವುದೂ ಹಿಂದೂಸ್ಥಾನದಲ್ಲಿ ವಾಡಿಕೆ. ಈಗ ಹೇಳಹೊರಟಿರುವುದು ಅದಲ್ಲ. ಷಬೇ ಕದರ್ ರಂಜಾನಿನ ಒಳಗಿನ ರಾತ್ರಿ; ಅರಬ್ಬೀ ಭಾಷೆಯಲ್ಲಿ ಲೈಲತುಲ್ ಕದರ್ ಎಂದು ಅದರ ನಾಮಧೇಯ. ‘ಲೈಲ್’ ಎಂದರೂ ಪಾರಸಿಯ ‘ಷಬ್’ ಎಂದರೂ ರಾತ್ರಿಯೆಂದೇ ಅರ್ಥ. ‘ಕದರ್’ ಎಂಬ ಶಬ್ದಕ್ಕೆ ಅಳತೆ, ನಿಯತಿ ಎಂಬ ಅರ್ಥವೂ ಉಂಟು. ಬೆಲೆ, ಗೌರವ ಎಂಬ ಅರ್ಥವೂ ಉಂಟು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಒಬ್ಬನಿಗೆ ಕದರಿಲ್ಲವೆಂದಾಗ ಮಾತಾಡುವವನು ತಿಳಿಯದೆಯೇ ಈ ಶಬ್ದವನ್ನೇ ಉಚ್ಚರಿಸುತ್ತಿರುವನು. ವ್ಯಾಖ್ಯಾತೃಗಳು ಎರಡು ಅರ್ಥಗಳನ್ನೂ ಹಿಡಿದಿರುವರು: ವರ್ಷದ ಆಗುಹೋಗುಗಳು ಅಳೆದು ಗೊತ್ತಾಗುವ ರಾತ್ರಿಯೆಂದೊಂದು, ಮಾನ್ಯತೆಯುಳ್ಳ ರಾತ್ರಿಯೆಂದು ಮತ್ತೊಂದು. ದಖನಿ ಆಡುವ ಮುಸಲ್ಮಾನರ ಬಾಯಲ್ಲಿ ಇದು ‘ಜಾಗ್ನೇ ಕೀ ರಾತ್’. ಈ ‘ಜಾಗ್ನಾ’ ಎಂಬ ಕ್ರಿಯಾಪದವು ಸಂಸ್ಕೃತದ ‘ಜಾಗೃ’ ಧಾತುವಿನಿಂದಲೇ ಇಳಿದುಬಂದದ್ದು. ಶಿವರಾತ್ರಿಯ ಜಾಗರಣೆಗೂ ಷಬೇ ಕದರಿನ ಜಾಗರಣೆಗೂ ಧಾತು ಒಂದೇ ಎಂಬುದು ವ್ಯಾಕರಣವನ್ನು ಓದಿದವರಿಗೆ ಸಂತೋಷವನ್ನುಂಟುಮಾಡುವ ಸಂಗತಿ.

ಈ ರಾತ್ರಿಗೆ ಮಾನ್ಯತೆ ಬಂದದ್ದೇಕೆ? ಮೆಕ್ಕಾ ನಗರದ ಹೊರವಲಯದಲ್ಲಿ ಜಬಲುನ್ನೂರ್, ಅಂದರೆ ಬೆಳಕಿನ ಬೆಟ್ಟ, ಎಂದೊಂದು ಕಲ್ಲುಗುಡ್ಡವಿರುವುದು. ಅದರ ನೆತ್ತಿಯ ಸಮೀಪದಲ್ಲಿ ಹಿರಾ ಎಂಬ ಚಿಕ್ಕ ಗವಿ. ಮಹಮ್ಮದ್ ಪೈಗಂಬರರು ವಯಸ್ಸು ನಲವತ್ತರ ಸುಮಾರಿನಲ್ಲಿ, ಕ್ರಿಸ್ತಶಕ ೬೧೦ರಲ್ಲಿ, ಆ ಗವಿಯಲ್ಲಿ ಏಕಾಂತಧ್ಯಾನದಲ್ಲಿದ್ದಾಗ ದೇವವಾಣಿಯು ಮೊದಲ ಬಾರಿಗೆ ಇಳಿದುಬಂದಿತೆಂಬುದು ಮುಸಲ್ಮಾನರ ನಂಬಿಕೆ. ಆ ವಾಣಿಯ ಮೊದಲ ಶಬ್ದವೇ ಓದೆಂಬ ಅಪ್ಪಣೆ. ಓದು ಕಲಿಯದಿದ್ದ ಪೈಗಂಬರರು ನಡುಗುತ್ತ ಮನೆಗೆ ಬಂದು, ಹೊದಿಸಬೇಕೆಂದು ಕೇಳಿಕೊಂಡರೆಂದೂ, ಮಡದಿಯಾದ ಖದೀಜಾ ಅವರು ಸಂತೈಸಿದರೆಂದೂ ಪರಂಪರೆಯು ಹೇಳುವುದು. ಕುರಾನಿನ ೧೧೪ ಅಧ್ಯಾಯಗಳಲ್ಲಿ ೯೭ನೆಯದು ಕದರ್ ಎಂಬ ಹೆಸರಿನದೇ. ಅದು ಐದೇ ವಾಕ್ಯಗಳ ಪುಟ್ಟ ಅಧ್ಯಾಯ. ಗ್ರಂಥವು ಇಳಿದುಬಂದದ್ದು ಈ ರಾತ್ರಿಯಲ್ಲೆಂದೂ, ಇದರ ಬೆಲೆ ಸಾವಿರ ತಿಂಗಳನ್ನು ಮೀರಿದುದೆಂದೂ, ದೇವದೂತರು ಭೂಮಿಗಿಳಿಯುವರೆಂದೂ, ಅರುಣೋದಯದವರೆಗೂ ಶಾಂತಿಯೆಂದೂ ಅದರ ತಾತ್ಪರ್ಯ.

ಈ ಸಾವಿರ ತಿಂಗಳೆಂಬ ಲೆಕ್ಕದಲ್ಲಿ ಕೊಂಚ ನಿಲ್ಲಬೇಕು. ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ ೮೩ ವರ್ಷ ೪ ತಿಂಗಳು ಬರುವುದು. ಗ್ರಂಥಗಳಲ್ಲಿ ಕಾಣುವುದೂ ಇದೇ ಸಂಖ್ಯೆ. ಆದರೆ ಅವು ಚಾಂದ್ರವರ್ಷಗಳು. ಒಂದು ಚಾಂದ್ರಮಾಸಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳಂತೆ ಹಿಡಿದರೆ ಸಾವಿರ ತಿಂಗಳು ಸೌರಮಾನದಲ್ಲಿ ಸುಮಾರು ೮೧ ವರ್ಷಗಳಾಗುವುವು. ಇಷ್ಟು ಕೇಳಿದೊಡನೆ ಈ ಸಭೆಯಲ್ಲಿರುವ ಹಿರಿಯರಿಗೆ ಸಹಸ್ರಚಂದ್ರದರ್ಶನ ಶಾಂತಿಯು ನೆನಪಾಗದಿರದು. ಮನುಷ್ಯನು ಸಾವಿರ ಹುಣ್ಣಿಮೆಗಳನ್ನು ಕಂಡನೆಂದರೆ ಪೂರ್ಣ ಬಾಳು ಬಾಳಿದನೆಂದು ಭರತಖಂಡದ ಹಿರಿಯರು ಎಣಿಸಿದರು. ಎಂಬತ್ತು ದಾಟಿದ ಅಜ್ಜನನ್ನು ಮಕ್ಕಳು ಮೊಮ್ಮಕ್ಕಳು ಕುಳ್ಳಿರಿಸಿ ಸನ್ಮಾನಿಸುವುದು ಅದಕ್ಕಾಗಿಯೇ. ಒಂದು ಇಡೀ ಮಾನವಜೀವಿತವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಎಚ್ಚರವಾಗಿ ಕಳೆದ ಒಂದು ರಾತ್ರಿಯನ್ನು ಇನ್ನೊಂದು ತಟ್ಟೆಯಲ್ಲಿಟ್ಟರೆ ರಾತ್ರಿಯ ತಟ್ಟೆಯೇ ತೂಗುವುದೆಂದು ಆ ಪುಟ್ಟ ಅಧ್ಯಾಯದ ಅಭಿಪ್ರಾಯವೆಂದು ತಿಳಿದರೆ ತಪ್ಪಾಗಲಾರದು. ಅರಬ್ಬಸ್ತಾನದ ಮರಳುಗಾಡಿನಲ್ಲಿಯೂ ಕೃಷ್ಣಾ ಕಾವೇರಿಗಳ ದಡದಲ್ಲಿಯೂ ಜನರು ಬಾಳನ್ನು ಚಂದ್ರನಿಂದಲೇ ಅಳೆದರು.

ಇನ್ನು ಆ ರಾತ್ರಿ ಯಾವುದು? ಇದೇ ಈ ವಿಷಯದ ಹೃದಯವು. ಶಿವರಾತ್ರಿಗೆ ಮಾಘ ಬಹುಳ ಚತುರ್ದಶಿಯೆಂದು ಪಂಚಾಂಗದಲ್ಲಿ ಸ್ಥಾನ ಗೊತ್ತಾಗಿದೆ. ಷಬೇ ಕದರಿಗೆ ಅಂತಹ ತಿಥಿಯಿಲ್ಲ. ರಂಜಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ, ಅದರಲ್ಲಿಯೂ ಬೆಸಸಂಖ್ಯೆಯ ರಾತ್ರಿಗಳಲ್ಲಿ, ಎಂದರೆ ೨೧, ೨೩, ೨೫, ೨೭, ೨೯ರಲ್ಲಿ, ಅದನ್ನು ಹುಡುಕಿಕೊಳ್ಳಬೇಕೆಂದು ಪೈಗಂಬರರು ಹೇಳಿದರೆಂದು ಹದೀಸುಗಳು, ಅಂದರೆ ಅವರ ನಡೆನುಡಿಗಳ ಸಂಗ್ರಹಗಳು, ತಿಳಿಸುತ್ತವೆ. ಹುಡುಕಿಕೊಳ್ಳಬೇಕೆಂಬ ಮಾತನ್ನು ಗಮನಿಸಬೇಕು, ಆಚರಿಸಬೇಕೆಂದಲ್ಲ.

ಹೀಗೇಕೆ ಮರೆಯಾಯಿತೆಂಬುದಕ್ಕೆ ಒಂದು ವೃತ್ತಾಂತವುಂಟು. ಉಬಾದಾ ಎಂಬ ಸಂಗಾತಿಯಿಂದ ಬಂದ ಈ ವಾರ್ತೆಯು ಬುಖಾರಿಯವರ ಸಂಗ್ರಹದಲ್ಲಿರುವುದು. ಪೈಗಂಬರರು ಆ ರಾತ್ರಿ ಯಾವುದೆಂದು ಜನರಿಗೆ ತಿಳಿಸಲು ಮನೆಯಿಂದ ಹೊರಗೆ ಬಂದರಂತೆ. ಅಷ್ಟರಲ್ಲಿ ಇಬ್ಬರು ಮುಸಲ್ಮಾನರು ತಮ್ಮತಮ್ಮೊಳಗೆ ಜಗಳವಾಡುತ್ತಿದ್ದರು. ಅದು ಸಾಲದ ಜಗಳವೆಂದು ಕೆಲವು ವ್ಯಾಖ್ಯಾತೃಗಳು ಹೇಳಿರುವರು. ಆ ಜಗಳದ ನಡುವೆ ರಾತ್ರಿಯ ಗುರುತು ಮನಸ್ಸಿನಿಂದ ಎತ್ತಿಹೋಯಿತು. ಪೈಗಂಬರರು ಅದನ್ನು ಮುಚ್ಚಿಡದೆ ಜನರಿಗೆ ಹೇಳಿ, ಇದರಿಂದಲೇ ಒಳಿತಾದರೂ ಆದೀತೆಂದು ಸೇರಿಸಿದರು. ಇಬ್ಬರ ವ್ಯಾಜ್ಯದಿಂದ ಒಂದು ಮತವೇ ತನ್ನ ಅತ್ಯಂತ ಬೆಲೆಯುಳ್ಳ ರಾತ್ರಿಯ ತಿಥಿಯನ್ನು ಎಂದೆಂದಿಗೂ ಕಳೆದುಕೊಂಡಿತು! ಕೊಂದವರಿಲ್ಲ, ಕದ್ದವರಿಲ್ಲ, ಬರಿಯ ಬಾಯಿಜಗಳ. ಮಠಗಳಲ್ಲಿಯೂ ಊರುಗಳಲ್ಲಿಯೂ ಕಾಣಿಕೆಯ ಲೆಕ್ಕಕ್ಕೋ ತೇರಿನ ಹಗ್ಗದ ಮರ್ಯಾದೆಗೋ ನಡೆಯುವ ಜಗಳಗಳನ್ನು ಕಂಡವರು ಈ ವೃತ್ತಾಂತವನ್ನು ಬೇರೆಯವರ ಕಥೆಯೆಂದು ಕೇಳಲಾರರು.

ಮರೆಯಾದ ಮೇಲೆ ಊಹೆಗಳು ಹುಟ್ಟಿದವು. ೧೫ನೆಯ ಶತಮಾನದಲ್ಲಿ ಕೈರೋದಲ್ಲಿದ್ದ ಮಹಾವಿದ್ವಾಂಸರಾದ ಇಬ್ನ್ ಹಜರರು ತಮ್ಮ ಭಾಷ್ಯದಲ್ಲಿ ಈ ಒಂದು ಪ್ರಶ್ನೆಗೆ ನಲವತ್ತಕ್ಕೂ ಮಿಕ್ಕ ಮತಗಳನ್ನು ಸಂಗ್ರಹಿಸಿರುವರು. ಅಬೂ ಸಯೀದ್ ಎಂಬ ಸಂಗಾತಿಯು ತಾನು ಕಂಡುದನ್ನು ಹೇಳಿದನು: ಪೈಗಂಬರರು ಆ ರಾತ್ರಿಯ ಬೆಳಗ್ಗೆ ತಾವು ನೀರು ಕೆಸರುಗಳಲ್ಲಿ ಸಾಷ್ಟಾಂಗವೆರಗುತ್ತಿರುವಂತೆ ಕನಸು ಕಂಡಿದ್ದರು. ಆಕಾಶದಲ್ಲಿ ಮೋಡವಿರಲಿಲ್ಲ. ೨೧ನೆಯ ರಾತ್ರಿ ಮೋಡ ಕವಿದು ಮಳೆ ಸುರಿಯಿತು. ಖರ್ಜೂರದ ಗರಿಯ ಮಸೀದಿಯ ಮಾಡು ಸೋರಿತು. ಬೆಳಗಿನ ನಮಾಜು ಮುಗಿಸಿ ತಿರುಗಿದಾಗ ಪೈಗಂಬರರ ಹಣೆಯ ಮೇಲೆ ಕೆಸರಿನ ಗುರುತು ಇದ್ದಿತು. ಇಷ್ಟು ಕಣ್ಣಿಗೆ ಕಟ್ಟುವ ಸಾಕ್ಷಿಯಿದ್ದರೂ ಜನಸಾಮಾನ್ಯದಲ್ಲಿ ನಿಂತದ್ದು ೨೭ನೆಯ ರಾತ್ರಿಯೇ. ಉಬಯ್ ಇಬ್ನ್ ಕಾಬ್ ಎಂಬ ಕುರಾನ್ ಪಾಠಕರು ಅದೇ ನಿಜವೆಂದು ಆಣೆಯಿಟ್ಟು ಹೇಳಿದರು. ಮರುದಿನದ ಸೂರ್ಯನು ಕಿರಣಗಳ ಪ್ರಖರತೆಯಿಲ್ಲದೆ ಮೂಡುವನೆಂಬುದು ಅವರು ಕೊಟ್ಟ ಲಕ್ಷಣ. ಮುಂದೆ ಲೆಕ್ಕಿಗರೂ ಸೇರಿಕೊಂಡರು. ಕದರ್ ಅಧ್ಯಾಯದಲ್ಲಿ ಮೂವತ್ತು ಪದಗಳಿದ್ದು, ರಾತ್ರಿಯನ್ನು ಸೂಚಿಸುವ ಸರ್ವನಾಮವು ೨೭ನೆಯ ಪದವೆಂದೂ, ‘ಲೈಲತುಲ್ ಕದರ್’ ಎಂಬುದರ ಒಂಬತ್ತು ಅಕ್ಷರಗಳು ಮೂರು ಸಲ ಬರುವುದರಿಂದ ೨೭ ಆಯಿತೆಂದೂ ಸಾಧಿಸಿದರು. ಕಟಪಯಾದಿ ಲೆಕ್ಕದಿಂದ ಬೇಕಾದುದನ್ನೆಲ್ಲ ಹೊರಡಿಸುವ ಪಂಡಿತರು ಈ ದೇಶದಲ್ಲಿ ಮಾತ್ರವೇ ಇರುವರೆಂದು ಭಾವಿಸಿದವರಿಗೆ ಇದು ಸಮಾಧಾನ ತರಬಹುದು.

ಷಿಯಾ ಪಂಥದವರ ಎಣಿಕೆ ಬೇರೆ. ಅವರು ೧೯, ೨೧, ೨೩ನೆಯ ರಾತ್ರಿಗಳನ್ನು ಹಿಡಿದು, ೨೩ನ್ನು ಮುಖ್ಯವೆಂದೆಣಿಸುವರು. ಹಿಜರಿ ೪೦ರಲ್ಲಿ, ಅಂದರೆ ಕ್ರಿಸ್ತಶಕ ೬೬೧ರಲ್ಲಿ, ರಂಜಾನ್ ೧೯ರ ಮುಂಜಾನೆ ಕೂಫಾ ನಗರದ ಮಸೀದಿಯಲ್ಲಿ ಹಜರತ್ ಅಲಿಯವರ ತಲೆಗೆ ವಿಷದ ಕತ್ತಿಯ ಏಟು ಬಿದ್ದಿತು. ೨೧ರಂದು ಅವರು ಕಾಲವಾದರು. ಆದಕಾರಣ ಇರಾನ್, ಇರಾಕ್‌ಗಳಲ್ಲಿ ಈ ರಾತ್ರಿಗಳು ಪ್ರಾರ್ಥನೆಯ ರಾತ್ರಿಗಳಾಗಿರುವಂತೆಯೇ ಶೋಕದ ರಾತ್ರಿಗಳೂ ಆಗಿವೆ. ಸಭೆಯಲ್ಲಿ ಕುಳಿತವರೆಲ್ಲರೂ ಕುರಾನನ್ನು ತೆರೆದು ತಲೆಯ ಮೇಲಿರಿಸಿಕೊಂಡು ದೇವರನ್ನು ಬೇಡುವರು. ಜೌಷನ್ ಕಬೀರ್ ಎಂಬ ದೀರ್ಘ ಪ್ರಾರ್ಥನೆಯನ್ನು ಪಠಿಸುವರು. ಅದು ನೂರು ಖಂಡಗಳುಳ್ಳದ್ದು. ಅದರಲ್ಲಿ ದೇವರ ಸಾವಿರ ನಾಮಗಳೂ ಗುಣವಿಶೇಷಣಗಳೂ ಇವೆ. ಸಹಸ್ರನಾಮವನ್ನು ಕೇಳಿ ಬೆಳೆದವರಿಗೆ ಇದರ ಲಯವು ಅಪರಿಚಿತವೆನಿಸದು. ಕರ್ನಾಟಕದಲ್ಲಿಯೂ ಗೌರಿಬಿದನೂರು ತಾಲ್ಲೂಕಿನ ಅಲೀಪುರದಂತಹ ಊರಿನಲ್ಲಿ ಷಿಯಾ ಜನರೇ ಹೆಚ್ಚು.

ಕಾಲಗಣನೆಯ ಇನ್ನೊಂದು ಸೂಕ್ಷ್ಮವಿದೆ. ಹಿಂದೂ ಪಂಚಾಂಗವೂ ಚಾಂದ್ರಮಾನವೇ. ಆದರೆ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಋತುಗಳೊಡನೆ ಹೊಂದಿಸಿಕೊಳ್ಳುವುದರಿಂದ ಶಿವರಾತ್ರಿಯು ಚಳಿಯ ಕೊನೆಯನ್ನು ಬಿಟ್ಟು ಅಲುಗುವುದಿಲ್ಲ. ಇಸ್ಲಾಮು ಅಧಿಕಮಾಸವನ್ನು ತೆಗೆದುಹಾಕಿತು. ಅದರ ವರ್ಷಕ್ಕೆ ೩೫೪ ಇಲ್ಲವೆ ೩೫೫ ದಿನಗಳು. ಹೀಗಾಗಿ ರಂಜಾನು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು ೩೩ ವರ್ಷಗಳಲ್ಲಿ ಎಲ್ಲಾ ಋತುಗಳನ್ನೂ ಸುತ್ತಿಬರುವುದು. ೨೦೩೦ನೆಯ ಇಸವಿಯಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ರಂಜಾನು ಆರಂಭವಾಗಲಿರುವುದು. ಒಬ್ಬ ಮನುಷ್ಯನು ಬೇಸಿಗೆಯ ಗಿಡ್ಡ ರಾತ್ರಿಯಲ್ಲಿಯೂ ಮಾಗಿಯ ನೀಳ ರಾತ್ರಿಯಲ್ಲಿಯೂ ಮಳೆಯ ರಾತ್ರಿಯಲ್ಲಿಯೂ ಈ ಜಾಗರಣೆಯನ್ನು ಮಾಡಿ ನೋಡುವನು. ಅವರ ದಿನವು ಸೂರ್ಯಾಸ್ತಕ್ಕೆ ಮೊದಲಾಗುವುದರಿಂದ ೨೭ನೆಯ ರಾತ್ರಿಯೆಂದರೆ ೨೬ನೆಯ ಉಪವಾಸ ಬಿಟ್ಟ ಸಂಜೆಯಿಂದ ತೊಡಗುವ ರಾತ್ರಿ.

ಅದರ ಮೇಲೆ ಚಂದ್ರದರ್ಶನದ ತೊಡಕು. ತಿಂಗಳು ಆರಂಭವಾಗುವುದು ಬಿದಿಗೆಯ ಚಂದ್ರನು ಕಣ್ಣಿಗೆ ಬಿದ್ದ ಮೇಲೆ. ದಕ್ಷಿಣ ಕನ್ನಡ, ಉಡುಪಿಗಳ ಮುಸಲ್ಮಾನರು ಅನೇಕ ವರ್ಷಗಳಲ್ಲಿ ಕೇರಳದ ಚಂದ್ರದರ್ಶನವನ್ನು ಅನುಸರಿಸುವರು. ಘಟ್ಟದ ಮೇಲಿನವರಿಗೆ ಅದು ಒಂದು ದಿನ ತಡವಾಗುವುದುಂಟು. ಹಾಗಾದಾಗ ಮಂಗಳೂರಿನಲ್ಲಿ ೨೭ನೆಯ ರಾತ್ರಿಯಾಗಿರುವುದು ಕಲಬುರಗಿಯಲ್ಲಿ ೨೬ನೆಯದು; ಅಲ್ಲಿ ಬೆಸ, ಇಲ್ಲಿ ಸರಿ. ದೇವದೂತರು ಘಟ್ಟದ ಕೆಳಗೆ ಇಂದು, ಮೇಲೆ ನಾಳೆ ಇಳಿಯುವರೇ ಎಂದು ಕುಚೋದ್ಯ ಮಾಡುವವರಿಗೆ ಮೌಲವಿಗಳು ಕೊಡುವ ಉತ್ತರವು ಸರಳವಾದುದು: ಹತ್ತು ರಾತ್ರಿಗಳನ್ನೂ ಎಚ್ಚತ್ತು ಕಳೆದವನಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಈ ದೇಶದ ಮಸೀದಿಗಳಲ್ಲಿ ರಾತ್ರಿಯು ನಡೆಯುವ ಕ್ರಮವನ್ನು ಹೇಳಬೇಕು. ರಂಜಾನಿನ ಪ್ರತಿರಾತ್ರಿಯೂ ಇಷಾ ನಮಾಜಿನ ತರುವಾಯ ತರಾವೀಹ್ ಎಂಬ ವಿಶೇಷ ಪ್ರಾರ್ಥನೆಯುಂಟು. ಹನಫಿಗಳು ೨೦ ರಕಾತುಗಳನ್ನೂ, ಅಹಲೆ ಹದೀಸ್ ಪಂಥದವರು ೮ನ್ನೂ ಮಾಡುವರು. ಜನರು ಬೇರೆಬೇರೆಯಾಗಿ ಮಾಡುತ್ತಿದ್ದುದನ್ನು ಕಂಡು ಖಲೀಫ ಉಮರರು ಅವರನ್ನು ಉಬಯ್ ಇಬ್ನ್ ಕಾಬರ ಹಿಂದೆ ಒಟ್ಟುಗೂಡಿಸಿದರೆಂದು ಇತಿಹಾಸ. ಮುಂದೆ ನಿಂತು ಕುರಾನನ್ನು ಪಠಿಸುವವನು ಹಾಫಿಜ್, ಅಂದರೆ ಮೂವತ್ತು ಭಾಗಗಳ ಗ್ರಂಥವನ್ನು ಕಂಠಸ್ಥ ಮಾಡಿದವನು. ದಿನಕ್ಕೆ ಒಂದು, ಒಂದೂಕಾಲು ಭಾಗದಂತೆ ಓದುತ್ತ ಬಂದು ಹಲವು ಮಸೀದಿಗಳಲ್ಲಿ ೨೭ನೆಯ ರಾತ್ರಿ ಸಮಾಪ್ತಿ ಮಾಡುವರು. ಈ ಹಾಫಿಜರಲ್ಲಿ ಎಷ್ಟೋ ಮಂದಿ ಇನ್ನೂ ಮೀಸೆ ಚಿಗುರದ ಹುಡುಗರು. ಆತನ ಹಿಂದೆ ಇನ್ನೊಬ್ಬ ಹಾಫಿಜನು ಕಿವಿಗೊಟ್ಟು ನಿಂತಿರುವನು. ಒಂದು ಸ್ವರ ತಪ್ಪಿದರೂ ನಮಾಜಿನ ನಡುವೆಯೇ ತಿದ್ದುವನು. ಗುರುಮುಖದಿಂದ ಕೇಳಿ, ಬಾಯಿಪಾಠ ಮಾಡಿ, ತಪ್ಪಿದಲ್ಲಿ ತಿದ್ದಿಸಿಕೊಂಡು ಕಲಿಯುವ ಪಾಠಶಾಲೆಯ ಪದ್ಧತಿಯನ್ನು ಅನುಭವಿಸಿದವರಿಗೆ ಆ ಬಾಲಕನ ಎದೆಬಡಿತವು ಎಷ್ಟಿದ್ದೀತೆಂಬುದು ವಿವರಿಸದೆಯೇ ತಿಳಿಯುವುದು. ಸಮಾಪ್ತಿಯಾದೊಡನೆ ಆತನಿಗೆ ಹಾರ ಹಾಕುವರು, ಸಿಹಿ ಹಂಚುವರು, ಮೌಲವಿಗಳು ಪ್ರವಚನ ಮಾಡುವರು. ಅಲ್ಲಿಂದ ಮುಂದೆ ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು: ಕೆಲವರು ಕುರಾನ್ ಓದುವರು, ಕೆಲವರು ಮಣಿಮಾಲೆ ಎಣಿಸುವರು, ಕೆಲವರು ನಾಲ್ಕು ರಕಾತುಗಳಲ್ಲಿ ೩೦೦ ಬಾರಿ ದೇವಸ್ತುತಿಯನ್ನು ನುಡಿಯುವ ತಸ್ಬೀಹ್ ನಮಾಜನ್ನು ಮಾಡುವರು. ಕಡೆಯ ಜಾವದಲ್ಲಿ ತಹಜ್ಜುದ್. ಬಳಿಕ ಮನೆಗೆ ಹೋಗಿ ಸಹರಿಯ ಊಟ. ಹೆಂಗಸರು ಬಹುಮಟ್ಟಿಗೆ ಮನೆಯಲ್ಲಿಯೇ ಎಚ್ಚತ್ತಿರುವರು. ಆ ಸಹರಿಯ ಅಡಿಗೆಯನ್ನು ಬೇಯಿಸುವವರೂ ಅವರೇ ಆದುದರಿಂದ ಅವರ ಜಾಗರಣೆಗೆ ಒಲೆಯ ಪಾಲೂ ಸೇರಿರುವುದು.

ಪೈಗಂಬರರ ಮಡದಿಯಾದ ಆಯಿಷಾ ಅವರು, ಆ ರಾತ್ರಿ ತನಗೆ ದೊರೆತರೆ ಏನು ಬೇಡಲೆಂದು ಕೇಳಿದರಂತೆ. ಧನವನ್ನಲ್ಲ, ಆಯುಸ್ಸನ್ನಲ್ಲ, ಸ್ವರ್ಗವನ್ನೂ ಅಲ್ಲ; ಕ್ಷಮಿಸುವುದರಲ್ಲಿ ಪ್ರೀತಿಯುಳ್ಳ ದೇವರಿಂದ ಕ್ಷಮೆಯನ್ನು ಮಾತ್ರ ಬೇಡಬೇಕೆಂದು ಪೈಗಂಬರರು ಕಲಿಸಿದರು. ಈ ಒಂದು ವಾಕ್ಯದ ಪ್ರಾರ್ಥನೆಯು ಇಂದಿಗೂ ಓದುಬರಹ ಬಾರದ ಮುದುಕಿಯ ಬಾಯಲ್ಲಿಯೂ ಆ ರಾತ್ರಿ ಕೇಳಿಬರುವುದು.

ಇದಕ್ಕಿಂತ ಕಠಿನವಾದುದು ಏತಿಕಾಫ್. ಊರಿನ ಒಬ್ಬನಾದರೂ ಕೊನೆಯ ಹತ್ತು ದಿನಗಳು ಮಸೀದಿಯ ಮೂಲೆಯಲ್ಲಿ ಪರದೆ ಕಟ್ಟಿಕೊಂಡು, ದೇಹಬಾಧೆಗಲ್ಲದೆ ಹೊರಗೆ ಕಾಲಿಡದೆ, ಧ್ಯಾನದಲ್ಲಿರಬೇಕು. ಒಬ್ಬನು ಕುಳಿತರೆ ಎಲ್ಲರ ಹೊಣೆಯೂ ತೀರಿತು. ಯಾರೂ ಕುಳಿತುಕೊಳ್ಳದಿದ್ದರೆ ಆ ಕೊರತೆ ಊರಿಗೆಲ್ಲ ತಟ್ಟುವುದೆಂದು ಹನಫಿ ಶಾಸ್ತ್ರ. ಅಂಗಡಿಯನ್ನು ಮಕ್ಕಳಿಗೊಪ್ಪಿಸಿ ಬಂದ ವೃದ್ಧನೋ, ರಜೆ ಪಡೆದ ನೌಕರನೋ ಅಲ್ಲಿರುವನು.

ಇತರ ದೇಶಗಳ ಆಚಾರಗಳಲ್ಲಿ ಬಣ್ಣವು ಹೆಚ್ಚು. ತುರ್ಕಿಯಲ್ಲಿ ವರ್ಷದ ಐದು ಪವಿತ್ರ ರಾತ್ರಿಗಳಿಗೆ ‘ಕಂದೀಲ್’ ಎಂದೇ ಹೆಸರು. ಕನ್ನಡಿಗರ ಮನೆಯಲ್ಲಿ ತೂಗುತ್ತಿದ್ದ ಕಂದೀಲು ಆ ಶಬ್ದದ ಸೋದರವೇ. ಇಸ್ತಾಂಬೂಲಿನ ದೊಡ್ಡ ಮಸೀದಿಗಳ ಎರಡು ಮಿನಾರುಗಳ ನಡುವೆ ಹಗ್ಗ ಕಟ್ಟಿ, ದೀಪಗಳನ್ನು ಅಕ್ಷರಗಳಂತೆ ತೂಗುಬಿಟ್ಟು, ಆಕಾಶದಲ್ಲಿ ಬರೆದಂತೆ ತೋರಿಸುವ ಮಾಹ್ಯಾ ಎಂಬ ಕಲೆಯು ಉಸ್ಮಾನಿಯ ಸುಲ್ತಾನರ ಕಾಲದಿಂದ ಬಂದದ್ದು. ಒಂದೇ ಮಿನಾರುಳ್ಳ ಮಸೀದಿಗೆ ಈ ಭಾಗ್ಯವಿಲ್ಲ. ಜಾವಾದ್ವೀಪದ ಸುರಕಾರ್ತದಲ್ಲಿ ೨೧ನೆಯ ರಾತ್ರಿ ಅರಮನೆಯಿಂದ ಲಾಂದ್ರಗಳ ಮೆರವಣಿಗೆ ಹೊರಡುವುದು. ಸಾವಿರ ತಿಂಗಳಿಗೆ ಸಂಕೇತವಾಗಿ ಸಾವಿರ ಅನ್ನದ ಗೋಪುರಗಳನ್ನು ಹೊತ್ತು ತಂದು ಜನರಿಗೆ ಹಂಚುವರು. ಮೊರಾಕ್ಕೊದಲ್ಲಿ ಮೊದಲ ಉಪವಾಸ ಮಾಡಿದ ಮಕ್ಕಳನ್ನು ೨೭ನೆಯ ರಾತ್ರಿ ಸಿಂಗರಿಸುವರು. ಹುಡುಗಿಯರ ಕೈಗೆ ಗೋರಂಟಿ ಹಚ್ಚಿ ಮದುವಣಗಿತ್ತಿಯಂತೆ ಕುಳ್ಳಿರಿಸುವರು. ಕೇರಳದವರು ಇದನ್ನು ಇಪ್ಪತ್ತೇಳನೆಯ ‘ರಾವು’ ಎನ್ನುವರು.

ತುರ್ಕಿಯ ಒಂದು ಪ್ರಸಂಗವು ವಚನಸಾಹಿತ್ಯವನ್ನು ಬಲ್ಲವರಿಗೆ ವಿಶೇಷವಾಗಿ ವಿಚಾರಾರ್ಹವಾದುದು. ೧೯೩೨ನೆಯ ಇಸವಿ ಫೆಬ್ರವರಿ ೩ರ ಕದರ್ ರಾತ್ರಿ, ಆಗ ಮಸೀದಿಯಾಗಿದ್ದ ಅಯಾಸೋಫಿಯಾದಲ್ಲಿ ಸರ್ಕಾರದ ಪ್ರೇರಣೆಯಿಂದ ಕುರಾನನ್ನು ತುರ್ಕಿ ಭಾಷೆಯಲ್ಲಿಯೂ ಓದಿಸಿ ರೇಡಿಯೋ ಮೂಲಕ ಕೇಳಿಸಿದರು. ಅದೇ ವರ್ಷ ಬಾಂಗನ್ನು ಸಹ ತುರ್ಕಿ ಭಾಷೆಗೆ ತಿರುಗಿಸಿದರು. ಆದರೆ ೧೯೫೦ರಲ್ಲಿ ಅರಬ್ಬೀ ಬಾಂಗಿಗೆ ಅನುಮತಿ ಮರಳಿದೊಡನೆ ಜನರು ಅದನ್ನೇ ಆರಿಸಿಕೊಂಡರು. ಹನ್ನೆರಡನೆಯ ಶತಮಾನದ ಶರಣರು ಅನುಭಾವವನ್ನು ಕನ್ನಡದಲ್ಲಿ ನುಡಿದಾಗ ಅದು ಜನರ ಎದೆಯಿಂದಲೇ ಎದ್ದ ಮಾತಾಗಿತ್ತು. ತುರ್ಕಿಯಲ್ಲಿ ಅದು ಮೇಲಿನಿಂದ ಬಂದ ಹುಕುಮಾಗಿತ್ತು. ಜನಭಾಷೆಯೆಂಬ ಮಾತ್ರಕ್ಕೆ ಜನರು ಒಪ್ಪುವರೆಂದು ಹೇಳಬಾರದು.

ಇಷ್ಟು ಕೇಳಿದ ಶರಣಮಾರ್ಗದವನಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನು ಶರಣರು ಒಪ್ಪಲಿಲ್ಲ. ಶಿವನನ್ನು ನೆನೆದ ಗಳಿಗೆಗೆ ಮೀರಿದ ಮುಹೂರ್ತವಿಲ್ಲವೆಂಬುದು ಅವರ ನಿಲುವು. ಹಾಗಿರಲು ಒಂದು ರಾತ್ರಿಯನ್ನು ಮಿಕ್ಕವುಗಳಿಗಿಂತ ಮೇಲೆಂದರೆ ಶಿವನನ್ನು ಬಿಟ್ಟು ಕಾಲವನ್ನು ಪೂಜಿಸಿದಂತಾಗದೆ? ಈ ಆಕ್ಷೇಪವು ಬಲವುಳ್ಳದ್ದು. ಆದರೆ ಮುಹೂರ್ತವೆಂಬುದು ಜೋಯಿಸನು ಗೊತ್ತುಮಾಡಿ ಹೇಳಬಹುದಾದುದು. ಕದರಿನ ರಾತ್ರಿಯನ್ನು ಯಾವ ಜೋಯಿಸನೂ ಗೊತ್ತುಮಾಡಲಾರನು. ಇಬ್ನ್ ಮಸೂದ್ ಎಂಬ ಸಂಗಾತಿಯು ವರ್ಷವಿಡೀ ರಾತ್ರಿಗಳಲ್ಲಿ ಎದ್ದು ಪ್ರಾರ್ಥಿಸುವವನಿಗೆ ಅದು ದೊರೆತೀತೆಂದು ಹೇಳುತ್ತಿದ್ದನು. ಇದನ್ನು ಕೇಳಿದ ಉಬಯ್ ಅವರು, ಆತನಿಗೂ ೨೭ ಎಂಬುದು ತಿಳಿದಿದೆ, ಜನರು ಒಂದೇ ರಾತ್ರಿಯನ್ನು ನಂಬಿ ಸುಮ್ಮನಾಗಬಾರದೆಂದು ಹಾಗೆ ಹೇಳುತ್ತಿರುವನೆಂದರು. ಶರಣರ ಮಾತಿಗೂ ಇಬ್ನ್ ಮಸೂದನ ಮಾತಿಗೂ ಅಂತರವು ಅಲ್ಪವೇ. ಆದರೂ ಲೋಕರೂಢಿಯು ೨೭ನ್ನು ಗಟ್ಟಿಯಾಗಿ ಹಿಡಿದು ಆ ಮರೆಯಾದ ರಾತ್ರಿಯನ್ನು ಮುಹೂರ್ತವನ್ನಾಗಿ ಮಾಡಿಬಿಟ್ಟಿದೆ. ಆ ರಾತ್ರಿ ಕಿಕ್ಕಿರಿದ ಮಸೀದಿಯು ಮರುರಾತ್ರಿ ಬರಿದಾಗುವುದೆಂದೂ, ಹುಡುಗರು ಜಾಗರಣೆಯ ಹೆಸರಿನಲ್ಲಿ ಪೇಟೆಯಲ್ಲಿ ತಿಂಡಿ ತಿನ್ನುತ್ತ ಅಲೆಯುವರೆಂದೂ ಮೌಲವಿಗಳೇ ಗದರಿಸುವರು. ಶಿವರಾತ್ರಿಯ ಇರುಳು ಇಸ್ಪೀಟಿನಲ್ಲಿ ಬೆಳಗುಮಾಡುವವರನ್ನು ಕಂಡಿರುವ ಮಠದವರು ಇದಕ್ಕೆ ನಗುವಂತಿಲ್ಲ.

ಒಂದು ಕದರ್ ರಾತ್ರಿಯಂತೂ ಈ ದೇಶದ ಇತಿಹಾಸದಲ್ಲಿಯೇ ಸೇರಿಹೋಗಿದೆ. ೧೯೪೭ನೆಯ ಇಸವಿ ಆಗಸ್ಟ್ ೧೪-೧೫ರ ನಡುರಾತ್ರಿ ಹಿಜರಿ ೧೩೬೬ರ ರಂಜಾನ್ ೨೭ನೆಯ ರಾತ್ರಿಯಾಗಿತ್ತು. ಮರುದಿನ ಉಪವಾಸದ ತಿಂಗಳ ಕೊನೆಯ ಶುಕ್ರವಾರ. ದಿಲ್ಲಿಯಲ್ಲಿ ಸ್ವಾತಂತ್ರ್ಯದ ಘಂಟೆ ಹೊಡೆಯುತ್ತಿದ್ದಾಗ ಎರಡು ದೇಶಗಳ ಮಸೀದಿಗಳಲ್ಲಿ ಜನರು ಕ್ಷಮೆಯನ್ನು ಬೇಡುತ್ತ ಎಚ್ಚತ್ತಿದ್ದರು. ಅದೇ ಹೊತ್ತಿನಲ್ಲಿ ಪಂಜಾಬಿನಲ್ಲಿ ಊರುಗಳು ಉರಿಯುತ್ತಿದ್ದವು. ಹಿಂದೂಗಳು, ಸಿಖ್ಖರು, ಮುಸಲ್ಮಾನರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಇಬ್ಬರ ಜಗಳದಿಂದ ಮರೆಯಾದ ರಾತ್ರಿಯು ಲಕ್ಷಾಂತರ ಜನರ ಜಗಳದ ನಡುವೆ ಬಂದಿತು. ಮಹಾತ್ಮಾ ಗಾಂಧಿಯವರು ದಿಲ್ಲಿಯ ಉತ್ಸವಕ್ಕೆ ಹೋಗಲಿಲ್ಲ. ಅವರು ಕಲಕತ್ತೆಯ ಬೆಲಿಯಾಘಾಟದಲ್ಲಿ ಹೈದರಿ ಮಂಜಿಲ್ ಎಂಬ, ಮುಸಲ್ಮಾನರ ಒಡೆತನದ ಹಳೆಯ ಮನೆಯಲ್ಲಿ ಸುಹ್ರವರ್ದಿಯವರೊಡನೆ ಉಳಿದಿದ್ದು, ಆ ಹದಿನೈದನೆಯ ತಾರೀಖನ್ನು ಉಪವಾಸ, ಪ್ರಾರ್ಥನೆ, ನೂಲುವಿಕೆಗಳಲ್ಲಿ ಕಳೆದರು. ಒಂದು ವರ್ಷ ರಕ್ತದಲ್ಲಿ ತೋಯ್ದಿದ್ದ ಆ ನಗರದ ಬೀದಿಗಳಲ್ಲಿ ಆ ರಾತ್ರಿ ಹಿಂದೂ ಮುಸಲ್ಮಾನರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಬೀದರ, ಕಲಬುರಗಿ, ರಾಯಚೂರುಗಳಿಗಾದರೋ ಸ್ವಾತಂತ್ರ್ಯದ ಬೆಳಗಾಗಲು ೧೯೪೮ರ ಸೆಪ್ಟೆಂಬರಿನವರೆಗೆ ಕಾಯಬೇಕಾಯಿತು.

೨೦೨೦ನೆಯ ಇಸವಿಯ ಮೇ ತಿಂಗಳಲ್ಲಿ ಬಂದ ಕದರ್ ರಾತ್ರಿ ಇನ್ನೊಂದು ಬಗೆಯದು. ಸಾಂಕ್ರಾಮಿಕ ರೋಗದ ನಿರ್ಬಂಧದಿಂದ ದೇವಾಲಯ, ಮಠ, ಮಸೀದಿಗಳೆಲ್ಲವೂ ಬಾಗಿಲು ಹಾಕಿದ್ದವು. ಮೆಕ್ಕಾದ ಮಹಾಮಸೀದಿಯಲ್ಲಿಯೂ ಸಾರ್ವಜನಿಕರಿಗೆ ಪ್ರವೇಶವಿರಲಿಲ್ಲ, ಏತಿಕಾಫ್ ನಿಂತಿತ್ತು. ಮನೆಮನೆಯಲ್ಲಿ ತಂದೆ ಮುಂದೆ ನಿಂತು, ತನಗೆ ಬಾಯಿಗೆ ಬರುವ ನಾಲ್ಕಾರು ಚಿಕ್ಕ ಅಧ್ಯಾಯಗಳನ್ನೇ ಓದಿ, ಹೆಂಡತಿ ಮಕ್ಕಳೊಡನೆ ಆ ರಾತ್ರಿಯನ್ನು ಕಳೆದನು.

ಕೂಲಿ ಮಾಡಿ ಬಳಲಿ ಮಲಗಿದವನ, ದಾರಿಯಲ್ಲಿರುವ ಪ್ರಯಾಣಿಕನ, ಮುಟ್ಟಿನ ಕಾರಣ ನಮಾಜಿಲ್ಲದ ಹೆಂಗಸಿನ ಗತಿಯೇನೆಂ ಎಂಬ ಪ್ರಶ್ನೆಯು ಹಿಂದೆಯೂ ಎದ್ದಿತ್ತು. ನಿದ್ದೆಹೋದವರಿಗೂ, ಪ್ರಯಾಣಿಕರಿಗೂ, ಮುಟ್ಟಾದವರಿಗೂ ಆ ರಾತ್ರಿಯ ಪಾಲುಂಟೇ ಎಂದು ಕೇಳಿದಾಗ, ಯಾರ ನಡೆಯನ್ನು ದೇವರು ಮೆಚ್ಚಿರುವನೋ ಅವರಿಗೆಲ್ಲ ಪಾಲುಂಟೆಂದು ದಹ್ಹಾಕ್ ಎಂಬ ಪ್ರಾಚೀನ ವ್ಯಾಖ್ಯಾತೃಗಳು ಉತ್ತರವಿತ್ತರು. ಮದೀನೆಯ ಸಯೀದ್ ಇಬ್ನ್ ಮುಸಯ್ಯಿಬರು, ಅಂದು ಇಷಾ ನಮಾಜನ್ನು ಹತ್ತು ಜನರೊಡನೆ ಸೇರಿ ಮಾಡಿದವನೂ ತನ್ನ ಪಾಲನ್ನು ಪಡೆದನೆಂದು ಹೇಳಿದರು. ಬಿಲ್ವದ ಮರದ ಮೇಲೆ ಕುಳಿತು, ತಿಳಿಯದೆಯೇ ಎಲೆಗಳನ್ನು ಕೆಳಗಿನ ಲಿಂಗದ ಮೇಲೆ ಉದುರಿಸುತ್ತ ಶಿವರಾತ್ರಿಯನ್ನು ಕಳೆದ ಬೇಡನ ಕಥೆಯನ್ನು ಇಲ್ಲಿ ನೆನೆಯಬಹುದು.

ತಿಂಗಳು ಮುಗಿದು ಷವ್ವಾಲಿನ ಚಂದ್ರನು ಕಂಡೊಡನೆ ಏತಿಕಾಫಿನಲ್ಲಿದ್ದವನು ಪರದೆಯನ್ನು ಬಿಚ್ಚಿ, ಹಾಸಿಗೆಯನ್ನು ಸುತ್ತಿಕೊಂಡು ಹೊರಗೆ ಬರುವನು. ಬಾಗಿಲಲ್ಲಿ ಕಾದಿದ್ದವರು ಕೈಹಿಡಿದು, ಹಾರ ಹಾಕಿ, ತಮಗಾಗಿ ಏನು ಬೇಡಿದನೆಂದು ವಿಚಾರಿಸುವರು. ಕಳೆದ ಹತ್ತು ರಾತ್ರಿಗಳಲ್ಲಿ ಆ ರಾತ್ರಿ ಯಾವುದಾಗಿತ್ತೆಂದು ಆತನೂ ಹೇಳಲಾರನು. ಆತನು ಚಪ್ಪಲಿಯನ್ನು ಹುಡುಕಿ ಮೆಟ್ಟಿಕೊಂಡು, ನಾಳೆಯ ಹಬ್ಬದ ಸಾಮಾನಿಗೆ ಮನೆಯಲ್ಲಿ ಕಾದಿರುವರೆಂದು ಬೇಗಬೇಗನೆ ನಡೆದುಹೋಗುವನು.